‘ತಳಿ’ ಅಂದರೆ ಯಾವ ತಳಿ? ರೋಗಾಣುವಿಗೆ ಒಂದು ಪದ ಬೇಕಾಗಿದೆ

ಬಳಗದ ಎಲ್ಲರಿಗೂ ಕುಷ್ಟಗಿಯಿಂದ ನಮಸ್ಕಾರ.

ಬ್ಯಾಕ್ಟೀರಿಯಾ ವಿಷಯದಲ್ಲಿ ‘ಸ್ಟ್ರೇನ್’ ಅನ್ನುತ್ತಾರಲ್ಲ, ಅಂದರೆ ಒಂದೇ ಹೆಸರಿನ ಬ್ಯಾಕ್ಟೀರಿಯಾದೊಳಗಿನ ಬೇರೆ ಬೇರೆ ಬಗೆ, ಅದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ‘ತಳಿ’ ಅನ್ನುವ ಉತ್ತರ ತಕ್ಷಣ ಬರುತ್ತದೆ, ಗೊತ್ತು. ಪುಸ್ತಕ, ಪತ್ರಿಕೆ ಎಲ್ಲದರಲ್ಲೂ ಅದೇ ಇದೆ. ಆದರೆ ನಮ್ಮ ಕಡೆ ಅದು ಕೆಲಸಕ್ಕೆ ಬರುತ್ತಿಲ್ಲ.

ಕುರಿ, ದನ ಸಾಕುವವರಿಗೆ ಹಂಚಲು ಕೆಲವರು ಸೇರಿ ಒಂದು ಕರಪತ್ರ ಮಾಡುತ್ತಿದ್ದಾರೆ. ಭಾಷೆ ನೋಡಿಕೊಡಿ ಅಂತ ಕರಡು ನನ್ನ ಕೈಗೆ ಕೊಟ್ಟರು. ಮೊದಲ ಸಾಲು ಹೀಗಿದೆ: ‘ಉದಯೋನ್ಮುಖ ಬ್ಯಾಕ್ಟೀರಿಯಾ ತಳಿಗಳು ಮಾನವರಲ್ಲೂ ಪ್ರಾಣಿಗಳಲ್ಲೂ ತೀವ್ರ ರೋಗವನ್ನು ಉಂಟುಮಾಡುತ್ತವೆ.’ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಒಬ್ಬ ಹಿರಿಯರಿಗೆ ಇದನ್ನು ಓದಿ ಹೇಳಿದೆ. ಕುಂಟುತ್ತಿದ್ದ ಮರಿಯ ಗೊರಸು ಬಿಡಿಸಿ ನೋಡುತ್ತಲೇ ಕೇಳಿಸಿಕೊಂಡರು. ಆಮೇಲೆ, ‘ಹಂಗಾರ ಹೊಸ ತಳಿ ಕುರಿ ತರಬಾರದೇನ್ರಿ ಸರ? ನಮ್ಮ ಕೆಂಗುರಿನೇ ಇಟ್ಕೊಂಡು ಹೋಗೂದು ಚಲೋ ಏನು?’ ಅಂದರು.

ಅವರು ಕೇಳಿದ್ದು ಸರಿಯಾಗಿಯೇ ಇದೆ. ಕುರಿಗಾರರಿಗೆ ತಳಿ ಅಂದರೆ ಕೆಂಗುರಿ, ಡೆಕ್ಕನಿ. ಗಂಗಾವತಿ, ಸಿಂಧನೂರು ಕಡೆ ಭತ್ತದವರಿಗೆ ತಳಿ ಅಂದರೆ ಸೋನಾ ಮಸೂರಿ. ಹೊಸ ತಳಿ ಬಂತು ಅಂದರೆ ಇಳುವರಿ ಜಾಸ್ತಿ ಅಂತ ಖುಷಿಪಡುವ ಜನ ನಾವು. ಅದೇ ಕರಪತ್ರದ ಹಿಂಬದಿಯಲ್ಲಿ ಕಂದು ರೋಗದ (ದನ ಗರ್ಭ ಕಳೆದುಕೊಳ್ಳುವ ಬ್ರೂಸೆಲ್ಲೋಸಿಸ್ ಬೇನೆಯ) ಲಸಿಕೆ ವಿಚಾರ ಬರುತ್ತದೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಆ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾನೇ ಇರುತ್ತದೆ, ಜೋರು ಕಳೆದುಕೊಂಡದ್ದು. ಅದಕ್ಕೂ ‘ಎಸ್19 ತಳಿ’ ಅಂತ ಬರೆದಿದ್ದಾರೆ. ಒಂದೇ ಹಾಳೆಯಲ್ಲಿ ಆಕಳ ತಳಿ, ಕೆಡುಕಿನ ತಳಿ, ಕಾಪಾಡುವ ತಳಿ. ಓದುವವರ ಗತಿ ಏನು?

ಸುಮ್ನೆ ‘ಬ್ಯಾಕ್ಟೀರಿಯಾ’ ಅಂತ ಬರೆದು ಮುಂದೆ ಹೋಗಬಹುದಲ್ಲ ಅಂತ ಕೆಲವರು ಅನ್ನಬಹುದು. ಆಗುವುದಿಲ್ಲ. ಹೇಳಬೇಕಾದ ಮಾತೆಲ್ಲ ಈ ಒಂದು ಪದದ ಮೇಲೆ ನಿಂತಿದೆ. ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾವನ್ನೇ ನೋಡಿ. ನಮ್ಮ ನಿಮ್ಮ ಕರುಳಲ್ಲಿ ಅದು ಸದಾ ಇರುತ್ತದೆ, ಬಹುಪಾಲು ಏನೂ ತೊಂದರೆ ಮಾಡುವುದಿಲ್ಲ. ಅದರ ಪೈಕಿಯೇ ಓ157 ಅಂತ ಒಂದಿದೆ. 1982ರಲ್ಲಿ ಅಮೆರಿಕದಲ್ಲಿ, ಸರಿಯಾಗಿ ಬೇಯದ ದನದ ಮಾಂಸ ತಿಂದವರಲ್ಲಿ ಅದು ಗೊತ್ತಾಯಿತು. ದನದ ಕರುಳಲ್ಲಿ ಇದ್ದರೂ ದನಕ್ಕೆ ಜಡ್ಡಿಲ್ಲ. ಮನುಷ್ಯರಿಗೆ ಹೊಕ್ಕರೆ ರಕ್ತಭೇದಿ, ಮಕ್ಕಳಿಗಾದರೆ ಕಿಡ್ನಿಗೇ ಪೆಟ್ಟು. 2011ರಲ್ಲಿ ಜರ್ಮನಿಯಲ್ಲಿ ಇದೇ ಇ. ಕೋಲಿಯ ಇನ್ನೊಂದು, ಓ104, ಎದ್ದಿತು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಅನುಮಾನಪಟ್ಟರು. ಕೊನೆಗೆ ಗೊತ್ತಾಗಿದ್ದು ಮೆಂತ್ಯದ ಮೊಳಕೆಕಾಳು. 3,800ಕ್ಕೂ ಜಾಸ್ತಿ ಜನ ಮಲಗಿದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ವಿಷ ಮಾಡುವ ಜೀನ್ (ವಂಶವಾಹಿ) ಅದಕ್ಕೆ ಬೇರೆ ಕಡೆಯಿಂದ ಬಂದು ಸೇರಿಕೊಂಡಿತ್ತು. ಹಂದಿಯ ಮೂಗು, ಗಂಟಲಲ್ಲಿ ತೆಪ್ಪಗೆ ಇರುವ ಸ್ಟ್ರೆಪ್ಟೊಕಾಕಸ್ ಸೂಯಿಸ್ ಕೂಡ ಹೀಗೇ. 2005ರಲ್ಲಿ ಚೀನಾದ ಸಿಚುವಾನ್‌ನಲ್ಲಿ ಅದರ ಜೋರಿನ ಒಂದು ಬಗೆ ಎದ್ದು 200ಕ್ಕೂ ಹೆಚ್ಚು ಜನರಿಗೆ ತಗುಲಿತು. ಹೆಚ್ಚಿನವರು ಜಡ್ಡಾದ ಇಲ್ಲವೇ ಸತ್ತ ಹಂದಿ ಕೊಯ್ದವರು, ಮುಟ್ಟಿದವರು.

ಹೆಸರು ಅದೇ, ಸ್ವಭಾವ ಬೇರೆ. ಇದನ್ನು ಹೇಳುವ ಪದ ಬೇಕು.

ನಾನು ಯೋಚಿಸಿದ್ದು ಇಷ್ಟು. ‘ಬಗೆ’ ಎಲ್ಲರಿಗೂ ಗೊತ್ತು, ಆದರೆ ಸಡಿಲ. ಒಂದೇ ಮೂಲದಿಂದ ಬಂದದ್ದು ಅನ್ನುವುದು ಅದರಲ್ಲಿ ಕಾಣುವುದಿಲ್ಲ. ‘ರೂಪಾಂತರಿ’ ಕೊರೊನಾ ಕಾಲದಲ್ಲಿ ಟಿವಿಯಿಂದ ಹಳ್ಳಿಹಳ್ಳಿಗೂ ಬಂತು. ಅದು ಬದಲಾದದ್ದು ಅನ್ನುವುದಕ್ಕೆ ಸರಿ. ಆದರೆ ಹಳೇ ಕಾಲದಿಂದ ಇರುವ, ನಿರುಪದ್ರವಿ ಬಗೆಗಳಿಗೂ ಹೆಸರು ಬೇಕಲ್ವಾ? ‘ಪ್ರಭೇದ’ ಬೇಡ, ಅದು ಈಗಾಗಲೇ ದೊಡ್ಡ ಗುಂಪಿಗೆ ನಿಂತಿದೆ. ಒಬ್ಬ ಗೆಳೆಯರು ‘ಬೆಡಗು’ ಅಂದರು. ಒಂದೇ ಜನದೊಳಗಿನ ಬೇರೆ ಬೇರೆ ಬಳ್ಳಿ ಅನ್ನುವ ಅರ್ಥ ಅದರಲ್ಲಿ ಚೆನ್ನಾಗಿ ಕೂಡುತ್ತದೆ. ಆದರೂ ನನಗೆ ಒಪ್ಪಿಗೆಯಿಲ್ಲ. ಮದುವೆ ಮಾತುಕತೆಯಲ್ಲಿ ಹಿರಿಯರು ಗೌರವದಿಂದ ಕೇಳುವ ಪದ ಅದು. ರೋಗಾಣುವಿಗೆ ಅಂಟಿಸಬಾರದು. ಸದ್ಯಕ್ಕೆ ನನ್ನ ಒಲವು ‘ಕವಲು’ ಕಡೆಗೆ. ‘ಇ. ಕೋಲಿಯ ಓ157 ಕವಲು’, ‘ಹೊಸ ಕವಲು’, ‘ಲಸಿಕೆಯ ಕವಲು’. ಮೂಲ ಒಂದೇ, ದಾರಿ ಬೇರೆ ಅನ್ನುವುದು ಕೇಳಿದ ಕೂಡಲೇ ತಲೆಗೆ ಹೋಗುತ್ತದೆ. ದೊಡ್ಡ ಪುಸ್ತಕಗಳಲ್ಲಿ ತಳಿ ಇರಲಿ, ಹಟ್ಟಿಗೆ ಹೋಗುವ ಹಾಳೆಯಲ್ಲಿ ಕವಲು ಇರಲಿ ಅಂತ ನನ್ನ ಆಸೆ.

‘ಉದಯೋನ್ಮುಖ’ವನ್ನಂತೂ ತೆಗೆದೇಬಿಟ್ಟೆ. ಉದಯೋನ್ಮುಖ ಗಾಯಕಿ, ಉದಯೋನ್ಮುಖ ಆಟಗಾರ ಅನ್ನುತ್ತೇವೆ, ಬೆನ್ನು ತಟ್ಟುವ ಪದ ಅದು. ‘ಹೊಸದಾಗಿ ತಲೆ ಎತ್ತಿದ’ ಸಾಕು.

ಇನ್ನು ‘ಔಷಧ ಪ್ರತಿರೋಧ’, ಅಂದರೆ ಕೊಟ್ಟ ಮದ್ದಿಗೆ ರೋಗಾಣು ಸಾಯದೆ ಉಳಿಯುವುದು. ರೋಗನಿರೋಧಕ ಶಕ್ತಿ ಅಂದರೆ ಒಳ್ಳೆಯದು ಅಂತ ಕೇಳಿ ಅಭ್ಯಾಸವಾದ ಕಿವಿಗೆ ಇದೂ ಒಳ್ಳೆಯದೇ ಅನ್ನಿಸುತ್ತದೆ. ಇಲ್ಲಿ ಮಾತ್ರ ಹೊಸ ಪದ ಹುಡುಕುವ ಗೋಜೇ ಇಲ್ಲ. ಹತ್ತಿ ಬೆಳೆಯುವವರು ‘ಹುಳ ಎಣ್ಣಿಗೆ ಜಗ್ಗವಲ್ದು’ ಅನ್ನುತ್ತಾರೆ, ಎಣ್ಣೆ ಅಂದರೆ ಕೀಟನಾಶಕ. ಹೊಡೆದ ಎಣ್ಣೆಗೆ ಸಾಯದೆ ಉಳಿದ ಹುಳಗಳೇ ಮರಿ ಮಾಡಿ ಹೆಚ್ಚುತ್ತವೆ ಅನ್ನುವುದು ಅವರಿಗೆ ಹೊಲದಲ್ಲೇ ಗೊತ್ತಾಗಿದೆ. ಬ್ಯಾಕ್ಟೀರಿಯಾ ಕತೆಯೂ ಹಾಗೇ. ಒಂದು ಹೆಚ್ಚಿನ ಮಾತು ಅಂದರೆ, ಜಗ್ಗದಿರುವ ಆ ಗುಣವನ್ನು ಒಂದು ಬ್ಯಾಕ್ಟೀರಿಯಾ ಪಕ್ಕದ ಇನ್ನೊಂದಕ್ಕೆ ದಾಟಿಸಿಬಿಡಬಲ್ಲದು. ಕೊಲಿಸ್ಟಿನ್ ಅನ್ನುವುದು ಬೇರೆ ಮದ್ದು ನಡೆಯದಾಗ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವ ಔಷಧ. ಅದಕ್ಕೆ ಜಗ್ಗದಂತೆ ಮಾಡುವ, ಹೀಗೆ ದಾಟಿ ಹೋಗುವ ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲೂ ರೋಗಿಗಳಲ್ಲೂ ಕಂಡಿತು. 2019ರಲ್ಲಿ ನಮ್ಮ ದೇಶದಲ್ಲಿ ಕೋಳಿ ಮತ್ತು ಸಾಕುಪ್ರಾಣಿಗಳ ಮೇವಿಗೆ ಕೊಲಿಸ್ಟಿನ್ ಬೆರೆಸುವುದನ್ನು ನಿಷೇಧಿಸಿದರು. ಆದ್ದರಿಂದ ‘ಮದ್ದಿಗೆ ಜಗ್ಗದ ಕವಲು’ ಅಂತ ಬರೆದಿದ್ದೇನೆ.

ಈಗ ಮೊದಲ ಸಾಲು ಹೀಗಾಗಿದೆ: ‘ದನ, ಕುರಿ, ಹಂದಿಗಳಲ್ಲಿ ಇರುವ ಕೆಲವು ರೋಗಾಣುಗಳಲ್ಲಿ ಹೊಸ ಕವಲುಗಳು ತಲೆ ಎತ್ತಿವೆ. ಅವು ಪ್ರಾಣಿಗೂ ಮನುಷ್ಯರಿಗೂ ಜೋರು ಜಡ್ಡು ತರಬಲ್ಲವು.’

ಮಾನ್ವಿ, ಲಿಂಗಸುಗೂರು, ಸಿರುಗುಪ್ಪ ಕಡೆಯವರಿಗೆ ನನ್ನದೊಂದು ಕೇಳಿಕೆ. ಅದೇ ಬೇನೆ ಒಂದು ವರ್ಷ ಮೆತ್ತಗೆ, ಇನ್ನೊಂದು ವರ್ಷ ಹಿಂಡನ್ನೇ ಕೆಡವುವ ಹಾಗೆ ಬಂದಾಗ ನಿಮ್ಮ ಊರಿನ ಕುರಿಗಾರರು ಏನನ್ನುತ್ತಾರೆ? ಇಲ್ಲಿ ‘ಈ ಸಲದ್ದು ಬ್ಯಾರೆ ಬ್ಯಾನಿ’ ಅನ್ನುವುದನ್ನು ಕೇಳಿದ್ದೇನೆ, ಅದಕ್ಕಿಂತ ಗಟ್ಟಿ ಪದ ಇದ್ದರೆ ತಿಳಿಸಿ. ದನದ ವೈದ್ಯರು ಯಾರಾದರೂ ಬಳಗದಲ್ಲಿದ್ದರೆ ‘ಕವಲು’ ಎಲ್ಲಾದರೂ ತಪ್ಪು ಅರ್ಥ ಕೊಡುತ್ತದೆಯೇ ಅಂತಲೂ ನೋಡಿ ಹೇಳಿ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.