ಅಪ್‌ಡೇಟ್: ಫಾರ್ಮ್ ತುಂಬಿದರೂ ಮೇಲ್ ಬರುತ್ತಿರಲಿಲ್ಲ, ಈಗ ಬರುತ್ತಿದೆ

ನಮ್ಮ ಯಕ್ಷಗಾನ ತರಗತಿಯ ವರ್ಡ್‌ಪ್ರೆಸ್ ಸೈಟಿನ ಬಗ್ಗೆ ಕೇಳಿದ್ದೆನಲ್ಲ. ಜನ ಸೇರ್ಪಡೆ ಫಾರ್ಮ್ ತುಂಬುತ್ತಾರೆ, ‘ಕಳುಹಿಸಲಾಗಿದೆ’ ಅಂತಲೂ ಬರುತ್ತದೆ, ಇನ್‌ಬಾಕ್ಸ್ ಮಾತ್ರ ಖಾಲಿ. ಅದು ಸರಿಹೋಯಿತು.

ನೀವು ಹೇಳಿದ ಹಾಗೆ ‘ಫ್ರಮ್’ ವಿಳಾಸವೇ ಕಾರಣ. ಸೈಟ್ ಮಾಡಿಕೊಟ್ಟವರು ಅಲ್ಲಿ ಫಾರ್ಮ್ ತುಂಬಿದವರ ಇಮೇಲ್ ಬರುವಂತೆ ಇಟ್ಟಿದ್ದರು. ಅಂದರೆ ನಮ್ಮ ಸರ್ವರ್ ಯಾರದೋ ಯಾಹೂ ವಿಳಾಸದ ಹೆಸರಲ್ಲಿ ಮೇಲ್ ಕಳಿಸುತ್ತಿತ್ತು. ಯಾಹೂ 2014ರಲ್ಲೇ ಡಿಮಾರ್ಕ್ ನಿಯಮ (ತನ್ನ ವಿಳಾಸದ ಹೆಸರಲ್ಲಿ ಬೇರೆಯವರ ಸರ್ವರ್ ಕಳಿಸಿದ ಮೇಲ್ ತಡೆಯುವುದು) ಬಿಗಿ ಮಾಡಿದೆ, ಅಂಥ ಮೇಲ್ ಒಳಗೆ ಹೋಗುವುದೇ ಕಷ್ಟ. ಈಗ ‘ಫ್ರಮ್’ನಲ್ಲಿ ನಮ್ಮ ಡೊಮೇನಿನ ವಿಳಾಸ, ಉತ್ತರ ಹೋಗುವ ‘ರಿಪ್ಲೈ-ಟು’ನಲ್ಲಿ ಫಾರ್ಮ್ ತುಂಬಿದವರದ್ದು. ಲಾಗಿನ್ ಇರುವ ಮೇಲ್ ಖಾತೆಯ ಮೂಲಕ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ನೂ ಹಾಕಿ, ಡೊಮೇನಿನ ಡಿಎನ್‌ಎಸ್ ದಾಖಲೆಗಳಲ್ಲಿ ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ) ಸೇರಿಸಿದೆ.

ಹಳೆಯ ಅರ್ಜಿಗಳು ಸಿಗಲಿಲ್ಲ. ನಮ್ಮ ಫಾರ್ಮಿನ ಪ್ಲಗಿನ್ ಕಾಂಟ್ಯಾಕ್ಟ್ ಫಾರ್ಮ್ 7 ತಾನಾಗಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಅದಕ್ಕೇ ಫ್ಲೆಮಿಂಗೊ ಪ್ಲಗಿನ್ ಹಾಕಿದ್ದೇನೆ. ಮೇಲ್ ತಪ್ಪಿದರೂ ಡೇಟಾಬೇಸಿನಲ್ಲಿ ಪ್ರತಿ ಇರುತ್ತದೆ. ನನ್ನ ಮಟ್ಟಿಗೆ ಇದೇ ಜಾಸ್ತಿ ಉಪಯೋಗದ ಸಲಹೆ.

ಸ್ಪ್ಯಾಮ್ ತಡೆಯಲು ಚಿತ್ರ ಆರಿಸುವ ಕ್ಯಾಪ್ಚಾ ಮಾತ್ರ ಬೇಡ ಅನ್ನಿಸಿತು. ಮಗುವನ್ನು ಸೇರಿಸಲು ಬಂದವರು ಫೋನಿನಲ್ಲಿ ಟ್ರಾಫಿಕ್ ಲೈಟ್ ಹುಡುಕುತ್ತಾ ಕೂರಬೇಕಾ? ಹನಿಪಾಟ್ ಹಾಕಿದೆ. ಕಣ್ಣಿಗೆ ಕಾಣದ ಖಾನೆ ಅದು, ಬಾಟ್‌ಗಳು ಸುಮ್ನೆ ತುಂಬಿ ಸಿಕ್ಕಿಬೀಳುತ್ತವೆ. ಸ್ಪ್ಯಾಮ್ ಸದ್ಯಕ್ಕೆ ಕಡಿಮೆಯಾಗಿದೆ.