ಎಂಜಿಬಿ: ಬಿಸಿಯಾದ ಮೇಲೆ ಇಂಜಿನ್ ನಿಲ್ಲುತ್ತಿದೆ, ಮುಂದಿನ ಕೆಲಸ ಯಾವುದು ಮಾಡಲಿ?

ಪ್ರಶ್ನೆ (ಬರ್ಮಿಂಗ್‌ಹ್ಯಾಮ್‌ನಿಂದ):
ಎಲ್ಲರಿಗೂ ನಮಸ್ಕಾರ. ನನ್ನದು 1972ರ ಎಂಜಿಬಿ ರೋಡ್‌ಸ್ಟರ್, ಅಂದರೆ ಟಾಪ್ ಇಳಿಸಬಹುದಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ, ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಹಿಂದಿನ ಮಾಲೀಕರು ಪಾಯಿಂಟ್ (ಇಗ್ನಿಷನ್‌ನ ಹಳೇ ಕಾಲದ ಸ್ವಿಚ್) ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್, ಹೊಸ ಕಾಯಿಲ್ (ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಭಾಗ), ಟ್ಯೂಬುಲರ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹಾಕಿಸಿದ್ದಾರೆ. ಟಾಪ್ ಇಳಿಸಿ ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಗಾಡಿನ ಹಳ್ಳಿ ರಸ್ತೆಗಳಲ್ಲಿ ಓಡಿಸುವ ಖುಷಿಯೇ ಬೇರೆ. ಆದರೆ ಅರ್ಧ ಗಂಟೆ ಓಡಿದರೆ ಮಿಸ್ಸಿಂಗ್ ಶುರುವಾಗಿ ನಿಂತೇ ಹೋಗುತ್ತದೆ. ತಣ್ಣಗಾದರೆ ಮತ್ತೆ ಸ್ಟಾರ್ಟ್. ಇದು ಸರಿಹೋದ ಮೇಲೆ ಪವರ್ ಹೆಚ್ಚಿಸಲು ವೆಬರ್ ಕಂಪನಿಯ ಕಾರ್ಬುರೇಟರ್ ಹಾಕಿಸುವ ಆಸೆ. ಏನಂತೀರಿ?

ಉತ್ತರ 1:
ಪೆಟ್ರೋಲ್ ಕಾದು ಆವಿಯಾಗುತ್ತಿರಬಹುದು. ಈ ಇಂಜಿನ್‌ನಲ್ಲಿ ಕಾರ್ಬುರೇಟರ್, ಎಕ್ಸಾಸ್ಟ್ ಎರಡೂ ಒಂದೇ ಬದಿಗಿವೆ. ನಡುವಿನ ಹೀಟ್ ಶೀಲ್ಡ್ ಇದೆಯಾ ನೋಡಿ. 2021ರಿಂದ ಅಲ್ಲಿನ ಸಾಮಾನ್ಯ ಪೆಟ್ರೋಲ್ ಇ10 (ಶೇ. 10ರವರೆಗೆ ಎಥೆನಾಲ್ ಬೆರೆತದ್ದು) ಆಗಿದೆ, ಹಳೇ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಎಥೆನಾಲ್ ಕಡಿಮೆ ಇರುವ ಸೂಪರ್ ಇ5 ಹಾಕಿಸಿ.

ಉತ್ತರ 2:
ಊಹೆ ಬೇಡ, ನಿಂತ ಕೂಡಲೇ ಸ್ಪಾರ್ಕ್ ನೋಡಿ. ಒಂದು ಬಿಡಿ ಪ್ಲಗ್ಗನ್ನು ಲೀಡ್‌ಗೆ ಸಿಕ್ಕಿಸಿ, ಅದರ ಮೈ ಬ್ಲಾಕ್‌ಗೆ ಚೆನ್ನಾಗಿ ತಾಗುವಂತೆ ಇಟ್ಟು ಕ್ರ್ಯಾಂಕ್ ಮಾಡಿಸಿ. ಹತ್ತಿರ ಪೆಟ್ರೋಲ್ ಸೋರುತ್ತಿರಬಾರದು. ಕಿಡಿ ಜೋರಾಗಿದ್ದರೆ ಪೆಟ್ರೋಲ್ ಕಡೆ ಹೋಗಿ. ಸೊರಗಿದ್ದರೆ ಅಥವಾ ಇಲ್ಲದಿದ್ದರೆ ಇಗ್ನಿಷನ್ನೇ ಕಾರಣ.

ನನಗೆ ಅನುಮಾನ ಆ ಹೊಸ ಕಾಯಿಲ್ ಮೇಲೆ. 1972ರ ಗಾಡಿಯಲ್ಲಿ ಬ್ಯಾಲಾಸ್ಟ್ (ಕಾಯಿಲ್‌ಗೆ ಹೋಗುವ ವೋಲ್ಟೇಜ್ ತಗ್ಗಿಸುವ ರೆಸಿಸ್ಟರ್) ಇಲ್ಲ, ಕಾಯಿಲ್‌ಗೆ ನೇರ 12 ವೋಲ್ಟ್. ಹಾಗಾಗಿ ಸುಮಾರು 3 ಓಮ್‌ನ ಕಾಯಿಲ್ ಬೇಕು. ಬ್ಯಾಲಾಸ್ಟ್ ಇರುವ ಗಾಡಿಯ 1.5 ಓಮ್ ಕಾಯಿಲ್ ಹಾಕಿದರೆ ಕರೆಂಟ್ ಹೆಚ್ಚುಕಡಿಮೆ ಎರಡು ಪಟ್ಟು ಹರಿಯುತ್ತದೆ. ಕಾಯಿಲ್ ಕಾಯುತ್ತದೆ, ಜೊತೆಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡ್ಯೂಲ್ ಕೂಡ. ವೈರ್ ಬಿಚ್ಚಿ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಮೀಟರ್ ಇಟ್ಟು ನೋಡಿ. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗುತ್ತ ಪ್ಲಗ್‌ಗಳಿಗೆ ಕರೆಂಟ್ ಹಂಚುವ ರೋಟರ್ ಆರ್ಮ್‌ನಲ್ಲಿ ರಿವೆಟ್ ಇದ್ದರೆ ಅದನ್ನೂ ಬದಲಾಯಿಸಿ. ಬಿಸಿಯಾದಾಗ ಆ ರಿವೆಟ್ ಮೂಲಕವೇ ಶಾಫ್ಟ್‌ಗೆ ಶಾರ್ಟ್ ಆಗುವುದುಂಟು.

ಪ್ರಶ್ನೆ ಕೇಳಿದವರು:
ಕಿಡಿ ಇರಲೇ ಇಲ್ಲ. ಕಾಯಿಲ್ ಮುಟ್ಟಲಾಗದಷ್ಟು ಬಿಸಿ, ಮೀಟರ್‌ನಲ್ಲಿ 1.6 ಓಮ್. 3 ಓಮ್‌ನದು ಹಾಕಿ ಕಾಟ್ಸ್‌ವೋಲ್ಡ್ಸ್ ಸುತ್ತಿ ಬಂದೆ ಸರ್, ಎಲ್ಲೂ ನಿಲ್ಲಲಿಲ್ಲ. ತುಂಬಾ ಥ್ಯಾಂಕ್ಸ್! ಈಗ ವೆಬರ್?

ಉತ್ತರ 2:
ಬಹಳ ಸಂತೋಷ. ವೆಬರ್ ಮಾತ್ರ ಈಗ ಬೇಡ ಅಂತೀನಿ. ಹೆಡ್, ಕ್ಯಾಮ್ ಹಾಗೇ ಇಟ್ಟುಕೊಂಡು ಕಾರ್ಬುರೇಟರ್ ಒಂದನ್ನೇ ಬದಲಾಯಿಸಿದರೆ ಪವರ್ ಜಾಸ್ತಿ ಏನೂ ಬರುವುದಿಲ್ಲ, ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಚೆನ್ನಾಗಿ ಟ್ಯೂನ್ ಮಾಡಿದ ಎಸ್‌ಯು ಜೋಡಿ ಈ ಇಂಜಿನ್‌ಗೆ ಒಪ್ಪುತ್ತದೆ. ನಿಮ್ಮ ಗಾಡಿಯಲ್ಲಿ ಓವರ್‌ಡ್ರೈವ್ (ಅದೇ ವೇಗದಲ್ಲಿ ಇಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರ್) ಇದೆಯಾ?

ಪ್ರಶ್ನೆ ಕೇಳಿದವರು:
ಇಲ್ಲ ಸರ್. ಮೋಟಾರ್‌ವೇಯಲ್ಲಿ ಇಂಜಿನ್ ಕಿರುಚುತ್ತದೆ.

ಉತ್ತರ 2:
ಹಾಗಾದರೆ ಓವರ್‌ಡ್ರೈವ್ ಇರುವ ಗೇರ್‌ಬಾಕ್ಸ್ ಹಾಕಿಸುವುದೇ ಮುಂದಿನ ಕೆಲಸ. 70 ಮೈಲಿ ವೇಗದಲ್ಲಿ ನಿಮಗೀಗ ಸುಮಾರು 3900 ಆರ್‌ಪಿಎಂ. ಓವರ್‌ಡ್ರೈವ್ ಇದ್ದರೆ 3200ರ ಆಸುಪಾಸಿಗೆ ಇಳಿಯುತ್ತದೆ. ದೂರ ಹೋಗಲು ಮನಸ್ಸು ಬರುವುದೇ ಆಗ. ಗೇರ್‌ಬಾಕ್ಸ್ ಕೆಳಗಿನಿಂದ ಇಳಿಯುವುದಿಲ್ಲ, ಇಂಜಿನ್ ಎತ್ತಲೇಬೇಕು. ಅಷ್ಟು ಬಿಚ್ಚಿದ ಮೇಲೆ ಕ್ಲಚ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಹೊಸದು ಹಾಕಿಬಿಡಿ. ಚಳಿಗಾಲಕ್ಕೆ ಸರಿಯಾದ ಕೆಲಸ. ಇನ್ನೊಂದು ಮಾತು, ಹಳೇ ಓವರ್‌ಡ್ರೈವ್ ಗೇರ್‌ಬಾಕ್ಸ್ ಕೊಂಡರೆ, ಓವರ್‌ಡ್ರೈವ್ ಚಾಲೂ ಮಾಡುವ ಅದರ ಸೊಲೆನಾಯ್ಡ್ ಮತ್ತು ಸ್ವಿಚ್ಚಿಗೆ 12 ವೋಲ್ಟ್ ಕೊಟ್ಟು ನೆಲದ ಮೇಲೇ ಪರೀಕ್ಷೆ ಮಾಡಿ. ಗಾಡಿಯೊಳಗೆ ಕೂರಿಸಿದ ಮೇಲೆ ಆ ಸ್ವಿಚ್ಚಿಗೆ ಕೈ ಹಾಕುವುದು ಬಹಳ ಕಷ್ಟ.