ಚಾರ್ಲ್ಸ್‌ಟನ್, ಸವಾನ್ನಾ, ಸೇಂಟ್ ಆಗಸ್ಟೀನ್: ಇಬ್ಬರ ಪ್ರವಾಸಕ್ಕೆ ಐದು ದಿನ ಸಾಕೇ?

ಪ್ರಶ್ನೆ

ನಮಸ್ಕಾರ. ನಾವು ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ ನೆಲೆಸಿದ್ದೇವೆ. ಮದುವೆಯ ಇಪ್ಪತ್ತೈದನೆಯ ವರ್ಷದ ನೆಪದಲ್ಲಿ ನಾನೂ ನನ್ನ ಪತ್ನಿಯೂ ಮಕ್ಕಳನ್ನು ಬಿಟ್ಟು ಮೊದಲ ಬಾರಿಗೆ ಕಾರಿನಲ್ಲಿ ದಕ್ಷಿಣದ ಕರಾವಳಿಯ ಹಳೆಯ ಊರುಗಳನ್ನು ನೋಡಲು ಹೊರಟಿದ್ದೇವೆ. ಮಾರ್ಚ್ 14ರಿಂದ 18ರವರೆಗೆ ರಜೆ ಇದೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಎರಡು ರಾತ್ರಿ, ಜಾರ್ಜಿಯಾದ ಸವಾನ್ನಾದಲ್ಲಿ ಒಂದು, ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ ಒಂದು ರಾತ್ರಿ ತಂಗಿ, ಐದನೆಯ ದಿನ ಮನೆಗೆ ಮರಳುವುದು ಸದ್ಯದ ಯೋಜನೆ. ನನಗೆ ಇತಿಹಾಸದಲ್ಲಿ ಆಸಕ್ತಿ, ಅವರಿಗೆ ಹಳೆಯ ಕಟ್ಟಡಗಳಲ್ಲಿ. ಅವರಿಗೆ ಮಂಡಿನೋವು ಇರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾಗದು. ಈ ಯೋಜನೆ ಸರಿಯಾಗಿದೆಯೇ, ಯಾವುದನ್ನಾದರೂ ಕೈಬಿಡಬೇಕೇ ಎಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ಮೊದಲು ದಿನಾಂಕವನ್ನು ಬದಲಿಸಿ. ಮಾರ್ಚ್ 17 ಐರಿಷರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನ. ಆ ದಿನ ಸವಾನ್ನಾದಲ್ಲಿ ನಡೆಯುವ ಮೆರವಣಿಗೆ ದೇಶದ ಅತಿ ದೊಡ್ಡ ಮೆರವಣಿಗೆಗಳಲ್ಲಿ ಒಂದು. ನೀವು ಸವಾನ್ನಾದಲ್ಲಿ ತಂಗಲಿರುವುದು ಸರಿಯಾಗಿ ಅದರ ಹಿಂದಿನ ರಾತ್ರಿ. ಕೋಣೆಗಳ ಬಾಡಿಗೆ ಗಗನಕ್ಕೇರಿರುತ್ತದೆ, ಬೀದಿಗಳು ಮುಚ್ಚಿರುತ್ತವೆ, ಊರಿನ ಸೊಗಸಾದ ಮೌನ ಎಲ್ಲಿಯೂ ಸಿಗುವುದಿಲ್ಲ. ಅಂಥ ಗದ್ದಲದಲ್ಲಿ ಸಿಕ್ಕಿಕೊಂಡು ಒಂದು ಸಂಜೆಯಿಡೀ ಕಾರು ನಿಲ್ಲಿಸುವ ಜಾಗ ಹುಡುಕಿದ ಅನುಭವ ನನಗಿದೆ. ರಜೆಯನ್ನು ತಿಂಗಳ ಕೊನೆಗೆ ತಳ್ಳಲು ಸಾಧ್ಯವಾದರೆ ಅಜೇಲಿಯಾ ಹೂಗಳ ಕಾಲವೂ ಕೂಡಿಬರುತ್ತದೆ. ಮೇ ದಾಟಿದರೆ ಬೆವರು ಮತ್ತು ಸೊಳ್ಳೆ, ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಋತು.

ಎರಡನೆಯದಾಗಿ, ಸೇಂಟ್ ಆಗಸ್ಟೀನನ್ನು ಈ ಬಾರಿ ಬಿಡಿ. ಅದು ನೋಡಬಾರದ ಊರೆಂದಲ್ಲ. 1565ರಲ್ಲಿ ಸ್ಪೇನಿನವರು ನೆಲೆಗೊಳಿಸಿದ ಆ ಊರಿನಲ್ಲಿ, ಕಡಲ ಚಿಪ್ಪುಗಳು ಒತ್ತಿ ಬೆಸೆದು ಆದ ಕೊಕೀನಾ ಎಂಬ ಕಲ್ಲಿನಿಂದ 1672ರಲ್ಲಿ ಕಟ್ಟಲಾರಂಭಿಸಿದ ಕೋಟೆಯಿದೆ. ಆ ಕಲ್ಲು ಒಡೆಯದೆ ಫಿರಂಗಿ ಗುಂಡುಗಳನ್ನು ಒಳಗೆ ನುಂಗಿಕೊಳ್ಳುತ್ತಿತ್ತು. 1702ರಲ್ಲಿ ಕೆರೊಲಿನಾದ ಇಂಗ್ಲಿಷರು ಮುತ್ತಿಗೆ ಹಾಕಿಯೂ ಅದನ್ನು ಗೆಲ್ಲಲಾಗಲಿಲ್ಲ. ಅಷ್ಟನ್ನು ಒಂದು ಸಂಜೆಯಲ್ಲಿ ನೋಡಿ ಮುಗಿಸುವುದು ನ್ಯಾಯವಲ್ಲ. ಜೊತೆಗೆ ಅಲ್ಲಿಂದ ಶಾರ್ಲಟ್‌ಗೆ ಸುಮಾರು ಆರು ಗಂಟೆಯ ಚಾಲನೆ. ಸವಾನ್ನಾದಿಂದಾದರೆ ನಾಲ್ಕು ಗಂಟೆ ಸಾಕು. ಚಾರ್ಲ್ಸ್‌ಟನ್ ಮತ್ತು ಸವಾನ್ನಾ ನಡುವೆ ಎರಡು ಗಂಟೆಯ ದಾರಿ. ಎರಡೆರಡು ರಾತ್ರಿ ಹಂಚಿಕೊಳ್ಳಿ, ಹಳೆಯ ಪೇಟೆಯ ಒಳಗೇ ಕೋಣೆ ಹಿಡಿದು ಕಾರನ್ನು ಮರೆತುಬಿಡಿ.

ಸವಾನ್ನಾದ ನೆಲ ಬಹುಮಟ್ಟಿಗೆ ಸಮತಟ್ಟು. 1733ರಲ್ಲಿ ಊರಿನ ಸ್ಥಾಪಕ ಆಗ್ಲ್‌ಥಾರ್ಪ್ ಹಾಕಿದ ನಕ್ಷೆಯ ಪ್ರಕಾರ ಬೆಳೆದ ಊರಿನ 24 ಚೌಕಗಳಲ್ಲಿ 22 ಇಂದಿಗೂ ಉಳಿದಿದ್ದು, ಹೆಚ್ಚಿನವುಗಳಲ್ಲಿ ಓಕ್ ಮರಗಳ ನೆರಳು ಮತ್ತು ಬೆಂಚುಗಳಿವೆ. ಮಂಡಿನೋವಿದ್ದವರು ಚೌಕದಿಂದ ಚೌಕಕ್ಕೆ ಕೂತು ಕೂತು ಸಾಗಬಹುದು. ಎಚ್ಚರ ಬೇಕಾದದ್ದು ನದಿದಂಡೆಯ ರಿವರ್ ಸ್ಟ್ರೀಟ್‌ನಲ್ಲಿ. ಅಲ್ಲಿಗಿಳಿಯುವ ಹಳೆಯ ಕಲ್ಲುಮೆಟ್ಟಿಲುಗಳು ಕಡಿದಾಗಿವೆ, ಕೆಳಗೆ ಹಾಸಿರುವುದು ಹಡಗುಗಳು ಭಾರಕ್ಕೆಂದು ಹೇರಿ ತಂದ ಉರುಟು ಕಲ್ಲು. ಲಿಫ್ಟ್ ಇರುವ ಕಡೆ ಕೇಳಿಕೊಂಡು ಇಳಿಯಿರಿ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ; ಚಾರ್ಲ್ಸ್‌ಟನ್ ಬಗ್ಗೆ ಮಾತ್ರ ಬರೆಯುತ್ತೇನೆ.

ಕಟ್ಟಡಗಳಲ್ಲಿ ಆಸಕ್ತಿಯಿರುವ ತಮ್ಮ ಪತ್ನಿಯವರು ಅಲ್ಲಿನ ‘ಸಿಂಗಲ್ ಹೌಸ್’ಗಳನ್ನು ಗಮನಿಸಲಿ. ಒಂದು ಕೋಣೆಯಷ್ಟೇ ಅಗಲವಿರುವ ಈ ಮನೆಗಳು ಬೀದಿಗೆ ಪಕ್ಕೆ ಕೊಟ್ಟು ನಿಂತಿರುತ್ತವೆ. ಬೀದಿಬಾಗಿಲು ತೆರೆದರೆ ಸಿಗುವುದು ಮನೆಯ ಒಳಭಾಗವಲ್ಲ, ಉದ್ದಕ್ಕೆ ಹಾಯುವ ಜಗಲಿ. ಅದು ನೆರಳಿಗೂ ಕಡಲ ಗಾಳಿಗೂ ಮಾಡಿದ ಏರ್ಪಾಡು. ಹಲವು ಗೋಡೆಗಳ ಮೇಲೆ ಕಾಣುವ ಕಬ್ಬಿಣದ ಬಿಲ್ಲೆಗಳು ಬರಿಯ ಅಲಂಕಾರವಲ್ಲ. ಹೆಚ್ಚಿನವು 1886ರ ಆಗಸ್ಟ್ 31ರ ಭೂಕಂಪದ ನಂತರ ಗೋಡೆಗಳನ್ನು ಬಿಗಿಯಲು ಹಾಯಿಸಿದ ಸರಳುಗಳ ತುದಿಗಳು. ಈಸ್ಟ್ ಬೇ ಬೀದಿಯ ಬಣ್ಣದ 13 ಮನೆಗಳ ಸಾಲನ್ನು ಬೆಳಗಿನ ಬಿಸಿಲಿನಲ್ಲಿ, ಜನ ಸೇರುವ ಮುನ್ನ ನೋಡಿ.

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ಅಂತರ್ಯುದ್ಧದ ಮೊದಲ ಗುಂಡು 1861ರ ಏಪ್ರಿಲ್ 12ರಂದು ಬಿದ್ದ, ಬಂದರಿನ ಕೋಟೆಯಾದ ಫೋರ್ಟ್ ಸಮ್ಟರ್‌ಗೆ ದೋಣಿಯಲ್ಲಿ ಹೋಗಿಬರಲು ಎರಡು ಗಂಟೆಗೂ ಮಿಕ್ಕಿ ಬೇಕು; ಟಿಕೆಟ್ಟನ್ನು ಮೊದಲೇ ಕಾಯ್ದಿರಿಸಿ.

ಪ್ಲಾಂಟೇಷನ್‌ಗಳ, ಅಂದರೆ ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ಹಳೆಯ ದೊಡ್ಡ ಜಮೀನುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರವಾದದ್ದು. ಅನೇಕರು ಅಲ್ಲಿಗೆ ತೋಟದ ಚಂದಕ್ಕೆ ಹೋಗಿ, ಓಕ್ ಮರಗಳ ಸಾಲಿನಲ್ಲಿ ಚಿತ್ರ ತೆಗೆಸಿಕೊಂಡು ಬರುತ್ತಾರೆ. ಆ ಸಿರಿಯನ್ನೆಲ್ಲ ಬೆಳೆದುಕೊಟ್ಟದ್ದು ಭತ್ತ, ನೀಲಿ ಬಣ್ಣ ಕೊಡುವ ಇಂಡಿಗೋ ಗಿಡ ಮತ್ತು ಹತ್ತಿ. ಅವನ್ನು ಬೆಳೆದವರು ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು. ಉಬ್ಬರವಿಳಿತದ ನೀರನ್ನು ತೂಬುಗಳಿಂದ ಹಿಡಿದು ಭತ್ತ ಬೆಳೆಯುವುದರಲ್ಲಿ ಪಶ್ಚಿಮ ಆಫ್ರಿಕಾದ ರೈತರ ತಿಳಿವಳಿಕೆಯ ಪಾಲು ದೊಡ್ಡದು. ಗದ್ದೆಯ ನಾಡಿನಿಂದ ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ. ಹಾಗಾಗಿ ಜೇಮ್ಸ್ ದ್ವೀಪದ ಮೆಕ್ಲೌಡ್ ಪ್ಲಾಂಟೇಷನ್ ಆರಿಸಿಕೊಳ್ಳಿ. ಅಲ್ಲಿನ ವಿವರಣೆಯ ಕೇಂದ್ರದಲ್ಲಿರುವುದು ಗುಲಾಮರ ಬದುಕು, ಅವರ ಗುಡಿಸಲುಗಳೂ ಉಳಿದಿವೆ. ಊರಿನೊಳಗೆ, ಗುಲಾಮರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡನ್ ಹಡಗುಕಟ್ಟೆಯಲ್ಲಿಯೇ 2023ರಲ್ಲಿ ತೆರೆದ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವನ್ನಾದರೂ ಇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ರಜೆಯನ್ನು ಮಾರ್ಚ್ ಕೊನೆಯ ವಾರಕ್ಕೆ ಬದಲಿಸಿಕೊಂಡೆ, ಸೇಂಟ್ ಆಗಸ್ಟೀನ್ ಮುಂದಿನ ಸಲಕ್ಕಾಯಿತು. ಒಂದು ಸಂದೇಹ ಉಳಿದಿದೆ: ನಾವಿಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಜೊತೆಗೆ, ಎರಡು ಊರುಗಳ ನಡುವಿನ ದಾರಿಯಲ್ಲಿ ನಿಲ್ಲಬೇಕಾದ ಜಾಗವಿದೆಯೇ?

ಮೂರನೆಯ ಉತ್ತರ

ಊಟದಲ್ಲಿ ಮೋಸಹೋಗುವುದು ಹೆಸರಿನಿಂದ. ಸೊಪ್ಪಿನ ಪಲ್ಯದಂತೆ ಕಾಣುವ ಕಾಲರ್ಡ್ ಸೊಪ್ಪನ್ನು ಸಾಮಾನ್ಯವಾಗಿ ಹಂದಿಯ ಮೂಳೆಯೊಡನೆ ಬೇಯಿಸುತ್ತಾರೆ. ಅಲಸಂದೆ ಮತ್ತು ಅನ್ನದ ‘ಹಾಪಿನ್ ಜಾನ್’ ಕೂಡ ಹಾಗೆಯೇ. ಮಾಂಸ ಇದೆಯೇ ಎಂದಷ್ಟೇ ಕೇಳಬೇಡಿ, ಬೇಯಿಸಿದ ನೀರು ಯಾವುದು ಎಂದೂ ಕೇಳಿ. ಗ್ರಿಟ್ಸ್ ಎಂಬುದು ಮುಸುಕಿನ ಜೋಳದ ನುಚ್ಚಿನ ಗಂಜಿ. ಸೀಗಡಿ ಇಲ್ಲದೆ, ಮಾಂಸದ ಸಾರು ಹಾಕದೆ ಮಾಡಿಕೊಡಿ ಎಂದರೆ ಅನೇಕ ಕಡೆ ಒಪ್ಪುತ್ತಾರೆ. ಕಾರ್ನ್‌ಬ್ರೆಡ್‌ನಲ್ಲಿ ಮೊಟ್ಟೆ ಇರುವುದೇ ಹೆಚ್ಚು.

ದಾರಿಯಲ್ಲಿ ಬ್ಯೂಫರ್ಟ್‌ಗೆ ತಿರುಗಿ. 1711ರಲ್ಲಿ ಸ್ಥಾಪನೆಯಾದ ಪುಟ್ಟ ಊರು. ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಅಲ್ಲಿ ಗುಲಾಮನಾಗಿ ಹುಟ್ಟಿದ ರಾಬರ್ಟ್ ಸ್ಮಾಲ್ಸ್ 1862ರ ಮೇ 13ರ ನಸುಕಿನಲ್ಲಿ ದಕ್ಷಿಣದ ಸೇನೆಯ ‘ಪ್ಲಾಂಟರ್’ ಎಂಬ ಹಡಗನ್ನು ಚಾರ್ಲ್ಸ್‌ಟನ್ ಬಂದರಿನಿಂದ ಹಾರಿಸಿಕೊಂಡು, ಆ ಸೇನೆಯ ವಶದಲ್ಲಿದ್ದ ಸಮ್ಟರ್ ಕೋಟೆಯ ಮುಂದೆಯೇ ನಿಗದಿತ ಸಂಕೇತ ಕೊಟ್ಟು ದಾಟಿ, ತನ್ನವರೊಡನೆ ಸ್ವತಂತ್ರನಾದ. ಮುಂದೆ ಅಮೆರಿಕದ ಸಂಸತ್ತಿಗೂ ಆಯ್ಕೆಯಾದ. ಹಿಂದಿನ ದಿನ ಕೋಟೆಗೆ ದೋಣಿಯಲ್ಲಿ ಹೋಗಿದ್ದರೆ ಆ ನೀರಿನ ಹರವು ನಿಮ್ಮ ಕಣ್ಣಲ್ಲಿರುತ್ತದೆ. ಸಮೀಪದ ಸೇಂಟ್ ಹೆಲೆನಾ ದ್ವೀಪದಲ್ಲಿ, ಬಿಡುಗಡೆಗೊಂಡವರಿಗಾಗಿ ಅದೇ 1862ರಲ್ಲಿ ಆರಂಭವಾದ ಶಾಲೆಯ ಆವರಣ ಪೆನ್ ಸೆಂಟರ್ ಎಂಬ ಹೆಸರಿನಲ್ಲಿ ಉಳಿದಿದೆ. ಚಾರ್ಲ್ಸ್‌ಟನ್‌ನಿಂದ ಬೆಳಗ್ಗೆ ಒಂಬತ್ತಕ್ಕೆ ಹೊರಟರೆ ಇವೆರಡನ್ನೂ ನೋಡಿಕೊಂಡು ಸಂಜೆಯೊಳಗೆ ಸವಾನ್ನಾ ತಲುಪಬಹುದು.